ಹಿಂದಿನ ಕೋಣೆಯ ಬಾಣಂತನ

ಕಲಬುರಗಿಯ ನಮ್ಮ ಮನೆಯಲ್ಲಿ ಅಡುಗೆಮನೆಗೆ ಹೊಂದಿಕೊಂಡು ಹಿಂದೊಂದು ಕೋಣೆ ಇದೆ. ಮಾವನವರು ಇದ್ದಾಗ ಹೊಲದಿಂದ ಬಂದ ತೊಗರಿ ಚೀಲಗಳನ್ನು ಅಲ್ಲಿ ಒಟ್ಟುತ್ತಿದ್ದರು. ನೆಲಕ್ಕೆ ಶಹಾಬಾದ ಕಲ್ಲು, ಎತ್ತರದಲ್ಲಿ ಒಂದೇ ಕಿಟಕಿ, ಹಿತ್ತಲಿಗೆ ತೆರೆಯುವ ಒಂದು ಬಾಗಿಲು. 2019ರ ಜನವರಿಯಿಂದ ಈಚೆಗೆ ಅಲ್ಲಿ ಕಾಳುಕಡಿ ಇಟ್ಟಿಲ್ಲ. ಗಾಡಿಗೆ ಸಿಕ್ಕು ಕಾಲು ಮುರಿದ ನಾಯಿ, ತಾಯಿಯಿಲ್ಲದ ಬೆಕ್ಕಿನ ಮರಿ, ಚೀಲದಲ್ಲಿ ಕಟ್ಟಿ ಯಾರೋ ಹಳ್ಳದ ದಂಡೆಗೆ ಬಿಟ್ಟುಹೋದ ಕುನ್ನಿಗಳು ಗುಣವಾಗುವವರೆಗೆ, ಬೆಳೆಯುವವರೆಗೆ, ಕಾಯಂ ಮನೆಯೊಂದು ಸಿಗುವವರೆಗೆ ಅಲ್ಲಿರುತ್ತವೆ. ಊರಿನ ಹುಡುಗರು ಇದಕ್ಕೆ ಫಾಸ್ಟರಿಂಗ್ ಎನ್ನುತ್ತಾರೆ. ನಮ್ಮ ಅತ್ತೆಯವರು ಮಾತ್ರ ಮೊದಲ ದಿನದಿಂದಲೂ ಬಾಣಂತನ ಎಂದೇ ಹೇಳುತ್ತ ಬಂದಿದ್ದಾರೆ, ನನಗೂ ಆ ಮಾತೇ ಸರಿ ಎನಿಸುತ್ತದೆ. ಬಾಣಂತನಕ್ಕೆ ಬಂದ ಮಗಳು ತವರಿನಲ್ಲಿ ಉಳಿಯಲು ಬಂದವಳಲ್ಲ. ಅವಳೂ ಕೂಸೂ ಗಟ್ಟಿಯಾದ ಮೇಲೆ ಕಳಿಸಿಕೊಡಬೇಕು, ಆ ದಿನಕ್ಕಾಗಿಯೇ ಅಷ್ಟೂ ತಿಂಗಳ ಆರೈಕೆ ನಡೆಯುತ್ತದೆ.

ಈ ಕೋಣೆಗೆ ಬಂದ ಪ್ರತಿಯೊಂದು ಪ್ರಾಣಿಯ ಲೆಕ್ಕವನ್ನು ನಾನೊಂದು ವಹಿಯಲ್ಲಿ ಬರೆದಿಟ್ಟಿದ್ದೇನೆ. ಇಲ್ಲಿಯವರೆಗೆ 64 ಬಂದಿವೆ. ಅವುಗಳಲ್ಲಿ 47ಕ್ಕೆ ಮನೆ ಸಿಕ್ಕಿತು, ಸಂತಾನಹರಣ ಶಸ್ತ್ರಚಿಕಿತ್ಸೆ ಮುಗಿದ ಮೇಲೆ 4 ತಮ್ಮ ಓಣಿಗಳಿಗೇ ಮರಳಿದವು, 2 ಈಗ ಕೋಣೆಯಲ್ಲಿವೆ. ಉಳಿದ 11 ನಮ್ಮ ಕೈಯಲ್ಲಿ ಸತ್ತವು. ಆ ಹನ್ನೊಂದರಲ್ಲಿ ಕೆಲವು ಯಾರ ಮನೆಗೆ ಹೋಗಿದ್ದರೂ ಉಳಿಯುತ್ತಿರಲಿಲ್ಲ. ಆರು ಮಾತ್ರ ನನಗೆ ತಿಳಿಯದೆ ಇದ್ದುದರಿಂದ ಸತ್ತವು. ಈ ಕೆಲಸಕ್ಕೆ ಕೈಹಾಕಬೇಕೆಂದು ಕೇಳಿಕೊಂಡು ಬರುವವರಿಗೆ ನಾನು ಮೊದಲು ಹೇಳುವುದು ಆ ಆರರ ವಿಷಯವನ್ನೇ.

ಮೊದಲ ಮೂರು ಬೆಕ್ಕಿನ ಮರಿಗಳು. ತೊಗರಿಯ ಸುಗ್ಗಿಯ ಕಾಲ, ದಾಲ್ ಮಿಲ್ಲುಗಳು ಹಗಲು ರಾತ್ರಿ ನಡೆಯುವ ದಿನಗಳು. ಮಿಲ್ಲೊಂದರ ಹಮಾಲರು ಚೀಲಗಳ ಸಂದಿಯಲ್ಲಿ ನಾಲ್ಕು ಮರಿಗಳನ್ನು ಕಂಡು, ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆಂಬ ಒಂದೇ ನಂಬಿಕೆಯ ಮೇಲೆ ರಟ್ಟಿನ ಡಬ್ಬಿಯಲ್ಲಿಟ್ಟು ನಮ್ಮ ಮನೆಗೆ ತಂದುಕೊಟ್ಟರು. ಕಣ್ಣು ಇನ್ನೂ ತೆರೆದಿರಲಿಲ್ಲ, ಅಂದರೆ ಹುಟ್ಟಿ ಹತ್ತು ದಿನವೂ ಆಗಿರಲಿಲ್ಲ. ಜನವರಿಯ ರಾತ್ರಿಯಾದ್ದರಿಂದ ಮರಿಗಳ ಮೈ ತಣ್ಣಗಿತ್ತು. ಹಸಿದಿರುತ್ತವೆ ಎಂದು ನಾನು ಎಮ್ಮೆಯ ಹಾಲಿಗೆ ನೀರು ಬೆರೆಸಿ, ಕೂಸುಗಳನ್ನು ಹಿಡಿಯುವಂತೆ ಅಂಗಾತ ಮಲಗಿಸಿಕೊಂಡು, ಸಿರಿಂಜಿನಿಂದ ಹನಿ ಹನಿಯಾಗಿ ಕುಡಿಸಿದೆ. ಅಷ್ಟರಲ್ಲಿ ಅತ್ತೆಯವರು ಎದ್ದು ಬಂದು ನೋಡಿದರು. “ಮೊದಲ ಮೈ ಕಾಸವ್ವಾ, ಹಾಲು ಆಮ್ಯಾಲ. ಥಂಡಿ ಹಿಡಿದ ಕೂಸಿಗಿ ಹಾಲು ಕುಡಸ್ತಾರೇನು?” ಎಂದರು. ಹಳೆಯ ಹೆಂಗಸರ ಮಾತು ಎಂದುಕೊಂಡು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ದಿನದ ಹೊತ್ತಿಗೆ ಮೂರು ಮರಿಗಳು ಸತ್ತಿದ್ದವು.

ಅತ್ತೆಯವರ ಮಾತಿನಲ್ಲಿದ್ದ ಶಾಸ್ತ್ರ ನನಗೆ ಆಮೇಲೆ ಗೊತ್ತಾಯಿತು. ಹುಟ್ಟಿದ ಮೊದಲ ವಾರಗಳಲ್ಲಿ ಬೆಕ್ಕಿನ ಮರಿಗೆ ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ, ತಾಯಿಯ ಹೊಟ್ಟೆಯ ಕಾವೇ ಅದರ ಕಾವು. ಮೈ ತಣ್ಣಗಾದಾಗ ಕರುಳಿನ ಚಲನೆ ನಿಂತುಹೋಗುವುದರಿಂದ ಕುಡಿದ ಹಾಲು ಒಳಗೇ ಕೊಳೆಯುತ್ತದೆ. ಅಂಗಾತ ಹಿಡಿದು ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗುತ್ತದೆ. ಆದ್ದರಿಂದ ಮರಿಯನ್ನು ತಾಯಿಯ ಹೊಟ್ಟೆಗೆ ಮುಖವಿಟ್ಟು ಮಲಗಿದ ಹಾಗೆಯೇ ಹೊಟ್ಟೆಯ ಮೇಲೆ ಮಲಗಿಸಿ, ತಲೆ ಸ್ವಲ್ಪವೇ ಎತ್ತಿ ಕುಡಿಸಬೇಕು. ಹಸು ಎಮ್ಮೆಯ ಹಾಲಿನ ಸಕ್ಕರೆ ಅದಕ್ಕೆ ಜೀರ್ಣವಾಗದೆ ಭೇದಿ ಹತ್ತುತ್ತದೆ, ಭೇದಿ ಹತ್ತಿದ ನೂರು ಗ್ರಾಮಿನ ಜೀವದಲ್ಲಿ ನೀರಿನಂಶ ಉಳಿಯುವುದು ಕೆಲವೇ ತಾಸು. ಬೆಕ್ಕಿನ ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿಯನ್ನು ಈಗ ಆನ್‌ಲೈನ್‌ನಲ್ಲಿ ತರಿಸಿ ಎರಡು ಡಬ್ಬಿ ಯಾವಾಗಲೂ ಮನೆಯಲ್ಲಿಟ್ಟಿರುತ್ತೇನೆ. ಮರಿ ಬಂದ ತಕ್ಷಣ ಬಿಸಿನೀರಿನ ಬಾಟಲಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಡಬ್ಬಿಯ ಒಂದು ಮಗ್ಗುಲಿಗೆ ಮಾತ್ರ ಇಡುತ್ತೇವೆ, ಸೆಕೆಯಾದರೆ ತೆವಳಿಕೊಂಡು ಆಚೆ ಸರಿಯಲು ಅದಕ್ಕೆ ಜಾಗ ಬೇಕು. ಬಾಯೊಳಗೆ ಬೆರಳಿಟ್ಟಾಗ ಬೆಚ್ಚಗೆ ಹತ್ತುವವರೆಗೆ ಹಾಲಿನ ಮಾತಿಲ್ಲ. ಆಮೇಲೆ ಎರಡು ತಾಸಿಗೊಮ್ಮೆ, ರಾತ್ರಿಯೂ ಸೇರಿದಂತೆ. ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಭಾಗವನ್ನು ಮೃದುವಾಗಿ ಒರೆಸಬೇಕು, ಏಕೆಂದರೆ ತಾಯಿ ನೆಕ್ಕದೆ ಆ ವಯಸ್ಸಿನ ಮರಿ ಉಚ್ಚೆಯನ್ನೂ ಹೊಯ್ಯಲಾರದು. ಅಡುಗೆಯ ಚಿಕ್ಕ ತಕ್ಕಡಿಯೊಂದನ್ನು ಸೂಪರ್ ಮಾರ್ಕೆಟ್ಟಿನಲ್ಲಿ ಕೊಂಡಿದ್ದೇನೆ. ದಿನಕ್ಕೆ ಹತ್ತು ಗ್ರಾಮ್ ಏರುತ್ತಿದ್ದರೆ ಮರಿ ಸರಿಯಾಗಿದೆ. ಒಂದು ದಿನ ತೂಕ ನಿಂತರೂ, ಮರಿ ಎಷ್ಟೇ ಚುರುಕಾಗಿ ಕಂಡರೂ, ಅಂದೇ ಡಾಕ್ಟರ ಹತ್ತಿರ ಒಯ್ಯುತ್ತೇನೆ.

ಇಷ್ಟೆಲ್ಲ ಕಲಿತ ಮೇಲೆ ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯೂ ತಿಳಿಯಿತು. ಜನ ತಂದುಕೊಡುವ ಬೆಕ್ಕಿನ ಮರಿಗಳಲ್ಲಿ ಅನೇಕಕ್ಕೆ ತಾಯಿ ಇರುತ್ತದೆ. ಜಾಗ ಸುರಕ್ಷಿತವಲ್ಲ ಎನಿಸಿದಾಗ ತಾಯಿಬೆಕ್ಕು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ. ಒಂದನ್ನು ಒಯ್ದು ಮತ್ತೊಂದಕ್ಕೆ ಮರಳುವ ನಡುವಿನ ಹೊತ್ತಿನಲ್ಲಿ, ಒಂಟಿಯಾಗಿ ಅಳುತ್ತಿರುವ ಮರಿಯನ್ನು ಯಾರೋ ಕನಿಕರದಿಂದ ಎತ್ತಿಕೊಂಡು ಬಿಡುತ್ತಾರೆ. ಮಿಲ್ಲಿನ ಆ ನಾಲ್ಕು ಮರಿಗಳ ತಾಯಿ ಮರುದಿನ ಅದೇ ಚೀಲಗಳ ಸುತ್ತ ಕೂಗುತ್ತ ತಿರುಗುತ್ತಿತ್ತೆಂದು ಹಮಾಲರೇ ನನಗೆ ಹೇಳಿದರು. ಅದನ್ನು ಕೇಳಿದ ದಿನದಿಂದ, ಮರಿ ಸಿಕ್ಕಿದೆ ಎಂದು ಯಾರೇ ಫೋನ್ ಮಾಡಲಿ, ಮಳೆ, ಗಾಡಿ ಅಥವಾ ನಾಯಿಯ ಅಪಾಯ ಇಲ್ಲದಿದ್ದರೆ ದೂರ ನಿಂತು ಕೆಲವು ತಾಸು ಕಾಯಿರಿ ಎಂದೇ ಹೇಳುತ್ತೇನೆ. ಎಂಟು ವಾರ ತಾಯಿಯ ಜೊತೆ ಬೆಳೆಯುವ ಮರಿಗೆ ನಮ್ಮ ಕೋಣೆಗಿಂತ ಆ ಮಿಲ್ಲಿನ ಮೂಲೆಯೇ ಮೇಲು.

ಉಳಿದ ಮೂರು ಸಾವುಗಳು ಕುನ್ನಿಗಳವು. ಅವುಗಳ ಕಥೆ ಬರೆಯಲು ನನಗೆ ಇನ್ನೂ ಕಷ್ಟವಾಗುತ್ತದೆ. 2021ರ ಮಳೆಗಾಲದಲ್ಲಿ ಆಳಂದ ರಸ್ತೆಯ ಕಡೆಯಿಂದ ಮೂರು ಕುನ್ನಿಗಳು ಬಂದಿದ್ದವು. ಐದನೆಯ ದಿನ ಒಂದು ಮಂಕಾಗಿ ಕೂತಿತು, ಸಂಜೆಗೆ ವಾಂತಿ, ರಾತ್ರಿಗೆ ರಕ್ತಭೇದಿ. ಒಮ್ಮೆ ಮೂಗಿಗೆ ಬಿದ್ದರೆ ಮರೆಯಲಾಗದ ವಾಸನೆ ಅದು. ಡಾಕ್ಟರು ಪಾರ್ವೊ ಎಂದರು, ಕುನ್ನಿಗಳ ಕರುಳಿಗೆ ಹತ್ತುವ ಅಂಟುರೋಗ. ಪಾರ್ವೊ ವೈರಸ್ಸನ್ನೇ ಕೊಲ್ಲುವ ಔಷಧವಿಲ್ಲ. ಸಲೈನ್ ಏರಿಸುತ್ತ, ವಾಂತಿ ತಡೆಯುತ್ತ, ಕರುಳು ಮತ್ತೆ ಚಿಗುರುವವರೆಗೆ ಜೀವ ಹಿಡಿದಿಡಬೇಕು. ಒಂದು ಸತ್ತಿತು, ಎರಡು ಉಳಿದವು. ಆ ಎರಡಕ್ಕೂ ಮನೆ ಸಿಕ್ಕ ಮೇಲೆ ಕೋಣೆಯನ್ನು ಎರಡು ಸಲ ಫಿನೈಲ್ ಹಾಕಿ ತೊಳೆದೆ. ಇಪ್ಪತ್ತು ದಿನ ಕಳೆದಿರಲಿಲ್ಲ, ನಾಲ್ಕು ಕುನ್ನಿಗಳಿವೆ, ಇಂದು ರಾತ್ರಿ ಎಲ್ಲಿಯೂ ಜಾಗವಿಲ್ಲ ಎಂದು ಒಬ್ಬ ಹುಡುಗ ಅಳುವ ದನಿಯಲ್ಲಿ ಫೋನ್ ಮಾಡಿದ. ನಾನು ಹೂಂ ಎಂದೆ. ವಾರದೊಳಗೆ ನಾಲ್ಕಕ್ಕೂ ಪಾರ್ವೊ ಹತ್ತಿತು, ಮೂರು ಸತ್ತವು. ನನಗೆ ತಿಳಿಯದೆ ಇದ್ದುದರಿಂದ ಸತ್ತ ಮೂರು ಕುನ್ನಿಗಳು ಇವೇ.

ಪಾರ್ವೊ ವೈರಸ್ ನೆಲದಲ್ಲಿ, ಗೋಡೆಯ ಬಿರುಕಿನಲ್ಲಿ, ಗೋಣಿತಾಟಿನ ಎಳೆಯಲ್ಲಿ ತಿಂಗಳುಗಟ್ಟಲೆ, ತಂಪು ಮಬ್ಬು ಜಾಗದಲ್ಲಿ ವರ್ಷದವರೆಗೂ ಬದುಕಿರಬಲ್ಲದು. ಫಿನೈಲಿಗೆ ಅದು ಸಾಯುವುದಿಲ್ಲ. ಮೇಲಾಗಿ ಫಿನೈಲ್ ಬೆಕ್ಕುಗಳಿಗೆ ವಿಷ. ಮೊದಲು ಸೋಪಿನಿಂದ ಕೊಳೆಯೆಲ್ಲ ಹೋಗುವಂತೆ ಉಜ್ಜಿ, ಆಮೇಲೆ ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಸುರಿದು, ಹತ್ತು ನಿಮಿಷ ಹಾಗೆಯೇ ಬಿಡಬೇಕು. ಕೊಳೆ ಉಳಿದಿದ್ದರೆ ಬ್ಲೀಚೂ ಕೆಲಸ ಮಾಡುವುದಿಲ್ಲ. ನಾವು ಆ ವರ್ಷ ಕಲ್ಲುಗಳ ಸಂದಿಯನ್ನೆಲ್ಲ ಸಿಮೆಂಟಿನಿಂದ ಮುಚ್ಚಿಸಿದೆವು, ಗೋಣಿತಾಟುಗಳನ್ನು ಸುಟ್ಟೆವು, ಮತ್ತು ಎಂಟು ತಿಂಗಳು ಲಸಿಕೆಯಾಗದ ಒಂದು ಕುನ್ನಿಯನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಆ ಎಂಟು ತಿಂಗಳಲ್ಲಿ ಬಂದ ಫೋನುಗಳಿಗೆ ಇಲ್ಲ ಎಂದು ಹೇಳುವುದು ಮೊದಲೆಲ್ಲ ನನಗೆ ಪಾಪದಂತೆ ಅನಿಸುತ್ತಿತ್ತು. ಮಲಗಿದರೆ ಆ ಮರಿಗಳು ಎಲ್ಲಿ ಮಲಗಿರಬಹುದೆಂಬ ಯೋಚನೆ. ಒಂದು ರಾತ್ರಿ ಅತ್ತೆಯವರು ನನ್ನ ಪಕ್ಕದಲ್ಲಿ ಬಂದು ಕುಳಿತರು. “ಒಂದ ಖೋಲಿಯಾಗ ಇಬ್ಬರ ಬಾಣಂತನ ಮಾಡಬಹುದು, ಹತ್ತು ಮಂದೀದು ಆಗ್ತದೇನವ್ವಾ? ಒಬ್ಬಾಕೀಗಿ ನಂಜಾದ್ರ ಎಲ್ಲಾರಿಗೂ ಹತ್ತತದ” ಎಂದರು. ಅವರು ಹದಿನಾಲ್ಕು ಮಕ್ಕಳ ಕುಟುಂಬದಲ್ಲಿ ಹಿರಿಯ ಮಗಳಾಗಿ ಬೆಳೆದವರು, ಎಷ್ಟೋ ಹೆರಿಗೆಗಳನ್ನು ಕಣ್ಣಾರೆ ಕಂಡವರು.

ಅಂದಿನಿಂದ ನಮ್ಮ ಕೋಣೆಗೆ ಒಂದು ಕಟ್ಟುಪಾಡಿದೆ. ಒಂದು ಸೂಲಿನ ಮರಿಗಳು ಇಲ್ಲವೇ ಒಂದು ದೊಡ್ಡ ಪ್ರಾಣಿ, ಅದಕ್ಕಿಂತ ಹೆಚ್ಚಿಲ್ಲ. ಬಂದ ಪ್ರಾಣಿ ಮೊದಲ ಹದಿನಾಲ್ಕು ದಿನ ಬೇರೆ ಯಾವ ಪ್ರಾಣಿಯನ್ನೂ ಕಾಣುವಂತಿಲ್ಲ. ಆ ಕೋಣೆಗೆ ಹೋಗುವ ಚಪ್ಪಲಿಯೂ ಬಟ್ಟೆಯೂ ಬೇರೆ. ಒಂದು ತಂಡ ಹೋದ ಮೇಲೆ ಹದಿನೈದು ದಿನ ಬಾಗಿಲು ಮುಚ್ಚಿರುತ್ತದೆ, ಪಾರ್ವೊ ಬಂದಿದ್ದರೆ ಆ ವರ್ಷ ಮರಿಗಳಿಗೆ ಅದು ತೆರೆಯುವುದಿಲ್ಲ. ಕುನ್ನಿಗೆ ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ ಹಾಕಿಸಿ, ಹದಿನಾರು ವಾರ ತುಂಬುವವರೆಗೆ ಮೂರು ನಾಲ್ಕು ವಾರಗಳಿಗೊಮ್ಮೆ ಮತ್ತೆ ಮತ್ತೆ ಹಾಕಿಸಬೇಕು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮೈಯಲ್ಲಿರುವವರೆಗೆ ಅದು ಲಸಿಕೆಯನ್ನು ಹಿಡಿಯಗೊಡುವುದಿಲ್ಲ, ಅದು ಇಳಿಯುವ ದಿನ ಒಂದೊಂದು ಮರಿಗೆ ಒಂದೊಂದಾದ್ದರಿಂದಲೇ ಇಷ್ಟು ಸಲ. ಒಂದೇ ಲಸಿಕೆ ಹಾಕಿಸಿ, ಎಲ್ಲ ಆಯಿತು ಎಂದು ಮರಿಯನ್ನು ರಸ್ತೆಗೆ ಒಯ್ಯುವವರನ್ನು ಕಂಡರೆ ನನಗೆ ಇಂದಿಗೂ ಎದೆ ಹೊಡೆದುಕೊಳ್ಳುತ್ತದೆ.

ಔಷಧದ ಬಗ್ಗೆ ಒಂದು ಮಾತು. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲಿನ ಒಂದೇ ಒಂದು ಗುಳಿಗೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು, ಅದರ ಯಕೃತ್ತಿಗೆ ಅದನ್ನು ಕರಗಿಸುವ ಶಕ್ತಿ ಇಲ್ಲ. ನಾಯಿಗಳ ಉಣ್ಣಿ, ಹೇನಿಗೆ ಹಚ್ಚುವ ಪರ್ಮೆಥ್ರಿನ್ ಇರುವ ಔಷಧವೂ ಬೆಕ್ಕಿಗೆ ವಿಷವೇ. ಪಾಪ, ಪ್ರೀತಿಯಿಂದಲೇ ಕೊಟ್ಟಿರುತ್ತಾರೆ.

ನಮ್ಮಲ್ಲಿಗೆ ಬಂದ ದೊಡ್ಡ ನಾಯಿಗಳಲ್ಲಿ ನನಗೆ ಹೆಚ್ಚು ಕಲಿಸಿದವಳು ಕೆಂಚಿ. ಸ್ಟೇಷನ್ ಕಡೆಯ ಓಣಿಯೊಂದರಲ್ಲಿ ಹಿಂಭಾಗದಿಂದ ರಕ್ತ ಸುರಿಸುತ್ತ ತಿರುಗುತ್ತಿದ್ದ ಹೆಣ್ಣುನಾಯಿ. ಜನ ಹೊಲಸು ರೋಗ ಎಂದು ಕಲ್ಲು ಬೀರುತ್ತಿದ್ದರು. ಅದು ಕೂಡುವಾಗ ನಾಯಿಯಿಂದ ನಾಯಿಗೆ ಹರಡುವ ಗಡ್ಡೆ, ಗಡ್ಡೆಯ ಜೀವಕೋಶಗಳೇ ಮತ್ತೊಂದು ಮೈಗೆ ಅಂಟಿಕೊಂಡು ಬೆಳೆಯುವ ವಿಚಿತ್ರ ಕ್ಯಾನ್ಸರ್. ಆದರೂ ಕ್ಯಾನ್ಸರುಗಳಲ್ಲಿ ಇಷ್ಟು ಚೆನ್ನಾಗಿ ಗುಣವಾಗುವುದು ಅಪರೂಪ. ವಾರಕ್ಕೊಂದು ವಿನ್‌ಕ್ರಿಸ್ಟಿನ್ ಇಂಜೆಕ್ಷನ್ನಿನಂತೆ ಐದು ವಾರದಲ್ಲಿ ಕೆಂಚಿಯ ಗಡ್ಡೆ ಕರಗಿಹೋಯಿತು. ಔಷಧ ಮಲಮೂತ್ರದಲ್ಲಿ ಹೊರಬರುವುದರಿಂದ ಆ ದಿನಗಳಲ್ಲಿ ಕೈಗವಸಿಲ್ಲದೆ ಕೋಣೆ ಬಳಿಯುತ್ತಿರಲಿಲ್ಲ. ಆಮೇಲೆ ಗರ್ಭಕೋಶ ತೆಗೆಸಿ, ರೇಬಿಸ್ ಲಸಿಕೆ ಹಾಕಿಸಿ, ಕಿವಿಯ ಅಂಚು ಕತ್ತರಿಸಿದ ಗುರುತಿನೊಂದಿಗೆ ಅದೇ ಓಣಿಗೆ ಬಿಟ್ಟೆವು. ಅಲ್ಲಿನ ಚಹಾದ ಅಂಗಡಿಯವರು, ಮೊದಲು ಕಲ್ಲು ಎತ್ತುತ್ತಿದ್ದವರೇ, ಈಗ ಅದಕ್ಕೆ ದಿನಾ ಬೆಳಿಗ್ಗೆ ಬನ್ನು ಹಾಕುತ್ತಾರೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳುವುದೂ ಇದನ್ನೇ: ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು.

ನಾಯಿ ಕಚ್ಚುತ್ತದೆ ಎಂಬ ಜನರ ಭಯವನ್ನು ನಾನು ಎಂದೂ ಹಗುರಾಗಿ ತೆಗೆದುಕೊಂಡಿಲ್ಲ. ರೇಬಿಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದು ಇಲ್ಲವೆಂದೇ ಹೇಳಬೇಕು. ಈ ಕೆಲಸ ಮಾಡುವವರು ಮುಂಜಾಗ್ರತೆಯ ಲಸಿಕೆಯನ್ನು ಮೊದಲೇ ಹಾಕಿಸಿಕೊಂಡಿರಬೇಕು. ನಾನು, ನಮ್ಮವರು, ಮಗಳು ಮೂವರೂ ಹಾಕಿಸಿಕೊಂಡಿದ್ದೇವೆ. ಆದರೂ ಎರಡು ತಿಂಗಳ ಕುನ್ನಿಯ ಹಲ್ಲು ತರಚಿದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದುಕೊಂಡು ದವಾಖಾನೆಗೆ ಹೋಗುತ್ತೇವೆ. ಅರಿಶಿನ, ಸುಣ್ಣ, ಮೆಣಸಿನಪುಡಿ ಒತ್ತಿಕೊಂಡು ಕೂಡುವ ರೂಢಿ ನಮ್ಮ ಕಡೆ ಇನ್ನೂ ಇದೆ, ಅದನ್ನು ಕಂಡಲ್ಲೆಲ್ಲ ನಾನು ನಿಂತು ಹೇಳುತ್ತೇನೆ.

ಅತ್ತೆಯವರ ತವರು ಬೀದರ ಜಿಲ್ಲೆಯ ಭಾಲ್ಕಿ ಕಡೆ, ಖಾನಾಪುರದ ಮೈಲಾರ ಮಲ್ಲಣ್ಣನ ಒಕ್ಕಲು. ಮೈಲಾರನಿಗೆ ನಾಯಿ ಎಂದರೆ ಮನೆಯ ಜನ. ಅವರು ಹುಡುಗಿಯಾಗಿದ್ದಾಗ ಭಾನುವಾರ ಮೊದಲ ರೊಟ್ಟಿ ನಾಯಿಗೇ ಹೋಗುತ್ತಿತ್ತಂತೆ. ಆ ರೂಢಿ ಅವರು ಮದುವೆಯಾಗಿ ಬಂದ ಮೇಲೂ ಬಿಟ್ಟಿಲ್ಲ. ನಾನು ಪುಸ್ತಕದಿಂದ ಕಲಿತು ಮಾಡುವ ಕೆಲಸವನ್ನು ಅವರು ಅಲ್ಲಿಂದ ತಂದುಕೊಂಡಿದ್ದಾರೆ ಎಂದು ನನಗೆ ಅನೇಕ ಸಲ ಅನಿಸಿದೆ.

ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಊರಿನ ಬಿಸಿಲು 43, 44 ಡಿಗ್ರಿಗೆ ಏರಿದಾಗ ನಮ್ಮ ಚಿಂತೆ ತಿರುವುಮುರುವಾಗುತ್ತದೆ, ಕಾಸುವುದರ ಬದಲು ತಣಿಸುವುದು. ನಾಯಿಯ ಮೈಯ ಸಹಜ ಬಿಸಿಯೇ 38ರಿಂದ 39 ಡಿಗ್ರಿ, ಬೆವರುವುದು ಅಂಗಾಲಿನಲ್ಲಿ ಮಾತ್ರ, ತೇಕುವುದೊಂದೇ ಅದಕ್ಕೆ ದಾರಿ. ಬಿಸಿಲು ಬಡಿದು ಬಿದ್ದ ನಾಯಿಗೆ ಬರ್ಫ ಹಾಕದೆ, ಸಾದಾ ನೀರನ್ನು ಮೈಗೆಲ್ಲ ಸುರಿದು, ಗಾಳಿ ಹಾಕುತ್ತ ದವಾಖಾನೆಗೆ ಒಯ್ಯಬೇಕು. ಶಹಾಬಾದ ಕಲ್ಲಿನ ನೆಲದ ಬೆಲೆ ನನಗೆ ತಿಳಿದದ್ದು ಆ ದಿನಗಳಲ್ಲಿ.

ಇನ್ನು ಕಳಿಸಿಕೊಡುವ ಮಾತು. ಬಿಟ್ಟಿರುವುದು ಹೇಗೆ ಸಾಧ್ಯ ಎಂದು ಎಲ್ಲರೂ ಕೇಳುತ್ತಾರೆ. ಕಷ್ಟ ಆಗುತ್ತದೆ, ಪ್ರತಿ ಸಲವೂ ಆಗುತ್ತದೆ, 47ನೆಯದಕ್ಕೂ ಆಯಿತು. ಆದರೆ ನನ್ನನ್ನು ಅದಕ್ಕಿಂತ ಹೆಚ್ಚು ನೋಯಿಸುವುದು ಮನೆ ಹುಡುಕುವ ಮೊದಲಿನ ದಿನಗಳು. ಫೋನ್ ಮಾಡಿದವರು ಫೋಟೊ ನೋಡಿ ಮೆಚ್ಚಿಕೊಂಡು, ಗಂಡೋ ಹೆಣ್ಣೋ ಎಂದು ಕೇಳುತ್ತಾರೆ. ಹೆಣ್ಣು ಎಂದರೆ “ಹಂಗಿದ್ರ ಬ್ಯಾಡ ಬಿಡ್ರಿ ಅಕ್ಕೋರೆ” ಎಂದು ಇಟ್ಟುಬಿಡುತ್ತಾರೆ. ಚೀಲದಲ್ಲಿ ಕಟ್ಟಿ ಬಿಟ್ಟುಹೋಗುವ ಕುನ್ನಿಗಳಲ್ಲಿಯೂ ಹೆಣ್ಣೇ ಹೆಚ್ಚು. ಗಂಡು ಮರಿಗಳನ್ನು ಯಾರಾದರೂ ಆರಿಸಿಕೊಂಡು ಒಯ್ದಿರುತ್ತಾರೆ. ಕರಿಯ ಬಣ್ಣದ ಬೆಕ್ಕಿನ ಮರಿಗಾದರೆ ಇನ್ನೂ ಕಷ್ಟ. ಮರಿ ಹಾಕುತ್ತದೆ ಎಂಬುದೇ ಅಡ್ಡಿಯಾದರೆ ಆ ಅಡ್ಡಿಯನ್ನು ಒಂದು ಶಸ್ತ್ರಚಿಕಿತ್ಸೆ ತೀರಿಸುತ್ತದೆ, ಖರ್ಚನ್ನೂ ನಾವೇ ಕೊಡುತ್ತೇವೆ ಎಂದು ಹೇಳುತ್ತೇನೆ. ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬವಾಗಬಲ್ಲದು, ಎರಡು ತಿಂಗಳಿಗೆ ಈಯುತ್ತದೆ. ಆದ್ದರಿಂದ ಆಮೇಲೆ ನೋಡೋಣ ಎನ್ನುವವರಿಗೆ ಮರಿ ಕೊಡುವುದಿಲ್ಲ. ಕೊಡುವ ಮೊದಲು ಅವರ ಮನೆಗೆ ಹೋಗಿ ನೋಡುತ್ತೇನೆ. ಮಾಳಿಗೆಯ ಮೇಲೆ ಕಟ್ಟಿಹಾಕುವ ಉದ್ದೇಶ ಇದೆಯೇ, ಬಾಡಿಗೆ ಮನೆಯಾದರೆ ಮಾಲೀಕರು ಒಪ್ಪಿದ್ದಾರೆಯೇ, ಮನೆಯ ಹಿರಿಯರು ಏನೆನ್ನುತ್ತಾರೆ ಎಂದು ಕೇಳುತ್ತೇನೆ. ಹಿರಿಯರಿಗೆ ಇಷ್ಟವಿಲ್ಲದ ಮನೆಗೆ ಕೊಟ್ಟ ಎರಡು ನಾಯಿಗಳು ತಿಂಗಳೊಳಗೆ ತಿರುಗಿ ಬಂದವು. ಕೆಲವರು ಇಷ್ಟೊಂದು ಕೇಳಿದ್ದಕ್ಕೆ ಸಿಟ್ಟಾಗಿದ್ದಾರೆ. ಆಗಲಿ. ಹೆಣ್ಣು ಕೊಡುವಾಗ ಮನೆತನ ಕೇಳುವುದಿಲ್ಲವೇ?

ಈಗ ಕೋಣೆಯಲ್ಲಿರುವ ಎರಡೂ ಹೆಣ್ಣು ಕುನ್ನಿಗಳು. ಒಂದು ಜೇವರ್ಗಿ ರಸ್ತೆಯ ಮನೆಯೊಂದಕ್ಕೆ, ಇನ್ನೊಂದು ಹುಮನಾಬಾದಿನ ಶಿಕ್ಷಕ ದಂಪತಿಯ ಮನೆಗೆ ಈ ಭಾನುವಾರ ಹೊರಡಲಿವೆ. ಅತ್ತೆಯವರು ತಮ್ಮ ಹಳೆಯ ಇಳಕಲ್ ಸೀರೆಯ ಎರಡು ತುಂಡುಗಳನ್ನು ಒಂದು ವಾರದಿಂದ ಅವುಗಳ ಹಾಸಿಗೆಗೆ ಹಾಕಿದ್ದಾರೆ, ಹೊಸ ಮನೆಗೆ ಹೋಗುವಾಗ ಪರಿಚಯದ ವಾಸನೆ ಜೊತೆಗೆ ಹೋಗಲಿ ಎಂದು. ಸೋಮವಾರ ಸೋಪು, ಆಮೇಲೆ ಬ್ಲೀಚು, ಆಮೇಲೆ ಹದಿನೈದು ದಿನ ಬೀಗ.

ನಿನ್ನೆ ರಾತ್ರಿ ಸೇಡಂ ರಸ್ತೆಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಚರಂಡಿಯ ಪಕ್ಕದಲ್ಲಿ ಮೂರು ಬೆಕ್ಕಿನ ಮರಿಗಳು, ತಾಯಿ ಗಾಡಿಗೆ ಸಿಕ್ಕು ಸತ್ತುಬಿದ್ದಿದೆ, ತಂದುಕೊಡಲೇ ಎಂದಳು. ನಮ್ಮಲ್ಲಿ ಜಾಗವಿಲ್ಲ ಎಂದೆ. ಅವಳು ಸುಮ್ಮನಾದಳು. ನಿನ್ನ ಮನೆಯಲ್ಲಿ ಬಾಗಿಲಿರುವ ಒಂದು ಮೂಲೆಯಾದರೂ ಇದೆಯೇ ಎಂದು ಕೇಳಿದೆ. ಬಚ್ಚಲಿನ ಪಕ್ಕದಲ್ಲಿ ಕಟ್ಟಿಗೆ ಇಡುವ ಸಣ್ಣ ಖೋಲಿ ಇದೆ ಎಂದಳು. ಬಾಟಲಿಗೆ ಬಿಸಿನೀರು ತುಂಬಲು ಹೇಳಿದೆ. ಬಟ್ಟೆ ಸುತ್ತಿಸಿ, ಮರಿಯ ಬಾಯಿಗೆ ಬೆರಳಿಡಿಸಿ, ಬೆಚ್ಚಗಾಗುವವರೆಗೆ ಫೋನಿನಲ್ಲೇ ಇದ್ದೆ. ನಮ್ಮವರು ಅಷ್ಟು ಹೊತ್ತಿನಲ್ಲಿ ಹಾಲಿನ ಪುಡಿಯ ಡಬ್ಬಿ ಮತ್ತು ತಕ್ಕಡಿ ತೆಗೆದುಕೊಂಡು ಬೈಕಿನಲ್ಲಿ ಹೋಗಿ ಅವಳ ಮನೆಗೆ ಕೊಟ್ಟು ಬಂದರು. ಇಂದು ಬೆಳಿಗ್ಗೆ ಆರಕ್ಕೆ ಅವಳಿಂದ ಮೂರು ಅಂಕಿಗಳು ಬಂದಿವೆ: 142, 137, 118. ಮೂರನೆಯದರ ಮೇಲೆ ಹೆಚ್ಚು ಕಣ್ಣಿಡು ಎಂದು ಬರೆದಿದ್ದೇನೆ.